ಮಿದುಳಿನ ಒಲೆಗೆ ಅಯಸ್ಕಾಂತದ ಕಿಂಡಿ

ಮನುಷ್ಯನ ಮಿದುಳಿನ ತೂಕ ಸುಮಾರು 1.4 ಕಿಲೋಗ್ರಾಂ. ಇಡೀ ದೇಹದ ತೂಕದಲ್ಲಿ ಅದರ ಪಾಲು ನೂರಕ್ಕೆ ಎರಡು. ಆದರೆ ಸುಮ್ಮನೆ ಮಲಗಿರುವ ಮನುಷ್ಯನ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಮಿದುಳಿನ ಪಾಲು ನೂರಕ್ಕೆ ಇಪ್ಪತ್ತು. ಇಷ್ಟು ಖರ್ಚಿನ ಅಂಗಕ್ಕೆ ಉಗ್ರಾಣ ಮಾತ್ರ ಇಲ್ಲವೆನ್ನುವಷ್ಟು ಚಿಕ್ಕದು. ಯಕೃತ್ತು ಮತ್ತು ಸ್ನಾಯುಗಳು ಕಷ್ಟಕಾಲಕ್ಕೆಂದು ಸಕ್ಕರೆಯನ್ನು ಕೂಡಿಡುತ್ತವೆ. ಮಿದುಳಿನದು ದಿನಗೂಲಿಯವನ ಸಂಸಾರ. ರಕ್ತ ಆಗಿಂದಾಗ ತಂದು ಕೊಡುವ ಗ್ಲೂಕೋಸು ಮತ್ತು ಆಮ್ಲಜನಕದಲ್ಲೇ ಅದು ಬದುಕಬೇಕು. ರಕ್ತದ ಓಟ ಪೂರ್ತಿ ನಿಂತರೆ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಕೆಲವೇ ನಿಮಿಷಗಳಲ್ಲಿ ನರಕೋಶಗಳಿಗೆ ಹಾನಿ ಶುರುವಾಗುತ್ತದೆ.

ಒಲೆ ಚೆನ್ನಾಗಿ ಉರಿಯುತ್ತಿದೆಯೋ, ಮಂಕಾಗಿದೆಯೋ, ಬರೀ ಹೊಗೆಯಾಡುತ್ತಿದೆಯೋ ಎಂದು ತಿಳಿಯಬೇಕಾದರೆ ಅಡುಗೆಮನೆಯೊಳಗೆ ಇಣುಕಬೇಕು. ಮಿದುಳಿನ ಅಡುಗೆಮನೆಯನ್ನು ಪ್ರಕೃತಿ ತಲೆಬುರುಡೆಯೊಳಗೆ ಭದ್ರವಾಗಿ ಮುಚ್ಚಿಟ್ಟಿದೆ. ಎಕ್ಸ್-ರೇ ಬುರುಡೆಯ ಮೂಳೆಯನ್ನು ತೋರಿಸುತ್ತದೆ. ಸಿ.ಟಿ. ಸ್ಕ್ಯಾನ್ ರಕ್ತಸ್ರಾವವನ್ನೂ ಗಡ್ಡೆಯನ್ನೂ ತೋರಿಸುತ್ತದೆ. ಎಂ.ಆರ್.ಐ. ಇನ್ನಷ್ಟು ಸ್ಪಷ್ಟವಾದ ಚಿತ್ರ ಕೊಡುತ್ತದೆ. ಇವೆಲ್ಲ ಮನೆಯ ಗೋಡೆ, ಕೋಣೆಗಳ ನಕ್ಷೆ ಇದ್ದಂತೆ. ಒಲೆಯ ಸುದ್ದಿ ಅವುಗಳಲ್ಲಿ ಸಿಗುವುದಿಲ್ಲ.

ಆ ಸುದ್ದಿಯನ್ನು ಹೇಳುವ ವಿಧಾನವೊಂದಿದೆ. ಅದರ ಹೆಸರು ಎಂ.ಆರ್. ಸ್ಪೆಕ್ಟ್ರೋಸ್ಕೋಪಿ, ಕನ್ನಡದಲ್ಲಿ ಕಾಂತೀಯ ಅನುರಣನ ರೋಹಿತದರ್ಶನ ಎನ್ನಬಹುದು. ಎಂ.ಆರ್.ಐ.ಗೆ ಬಳಸುವ ಅಯಸ್ಕಾಂತವೇ ಇದಕ್ಕೂ ಸಾಕು, ರೇಡಿಯೋ ಅಲೆಗಳೂ ಅವೇ ಬಗೆಯವು. ಆದರೆ ಕೊನೆಗೆ ಕೈಗೆ ಬರುವುದು ಚಿತ್ರವಲ್ಲ, ಮಿದುಳಿನ ಒಂದು ತುಣುಕಿನಲ್ಲಿ ಯಾವ ಯಾವ ರಾಸಾಯನಿಕ ಎಷ್ಟೆಷ್ಟಿದೆ ಎಂಬ ಪಟ್ಟಿ. ಹುಟ್ಟುವಾಗ ಉಸಿರುಕಟ್ಟಿದ ಶಿಶುಗಳ ಮಿದುಳು ಒಂದೇ ಏಟಿಗೆ ಹಾಳಾಗುವುದಿಲ್ಲ, ಎರಡನೆಯ ಏಟಿಗೆ ಮುನ್ನ ವೈದ್ಯರ ಕೈಯಲ್ಲಿ ಕೆಲವು ಗಂಟೆಗಳು ಉಳಿದಿರುತ್ತವೆ ಎಂಬ ಸಂಗತಿ ಬೆಳಕಿಗೆ ಬಂದದ್ದು ಈ ಪಟ್ಟಿಯನ್ನು ಓದಿದ್ದರಿಂದ.

ಹಳೆಯ ಪ್ರಯತ್ನಗಳು

ಮಿದುಳಿನ ಖರ್ಚನ್ನು ಅಳೆಯುವ ಹಂಬಲ ಹೊಸದೇನಲ್ಲ. ಇಟಲಿಯ ಟ್ಯೂರಿನ್ ನಗರದ ಶರೀರಶಾಸ್ತ್ರಜ್ಞ ಆಂಜೆಲೊ ಮೊಸ್ಸೊ 19ನೇ ಶತಮಾನದ ಕೊನೆಯ ಭಾಗದಲ್ಲಿ, ಗಾಯದಿಂದ ಬುರುಡೆಯ ಮೂಳೆ ತೆರೆದುಕೊಂಡಿದ್ದ ರೋಗಿಗಳನ್ನು ಪರೀಕ್ಷಿಸಿದರು. ಅವರ ಮಿದುಳಿನ ಮಿಡಿತ ಹೊರಗೇ ಕಾಣುತ್ತಿತ್ತು. ಅಂಥ ಒಬ್ಬ ರೈತನ ಕಿವಿಗೆ ಪ್ರಾರ್ಥನೆಯ ಹೊತ್ತಿನ ಚರ್ಚಿನ ಗಂಟೆ ಬಿದ್ದಾಗ ಮಿಡಿತ ಜೋರಾಯಿತು. ಲೆಕ್ಕ ಕೇಳಿದಾಗಲೂ ಹಾಗೆಯೇ ಆಯಿತು. ಮಿದುಳು ಕೆಲಸ ಮಾಡಿದಾಗ ಅಲ್ಲಿಗೆ ಹೆಚ್ಚು ರಕ್ತ ಹರಿಯುತ್ತದೆಯೆಂದು ಮೊಸ್ಸೊ ಊಹಿಸಿದರು. ಇಂಗ್ಲೆಂಡಿನ ಚಾರ್ಲ್ಸ್ ರಾಯ್ ಮತ್ತು ಚಾರ್ಲ್ಸ್ ಶೆರಿಂಗ್ಟನ್ 1890ರಲ್ಲಿ ಇದಕ್ಕೆ ಸಿದ್ಧಾಂತದ ರೂಪ ಕೊಟ್ಟರು.

1940ರ ದಶಕದಲ್ಲಿ ಅಮೆರಿಕದ ಸೀಮೋರ್ ಕೆಟಿ ಮತ್ತು ಕಾರ್ಲ್ ಸ್ಮಿಟ್ ಈ ಊಹೆಗೆ ಅಂಕಿ ಒದಗಿಸಿದರು. ನೈಟ್ರಸ್ ಆಕ್ಸೈಡ್ ಅನಿಲವನ್ನು ಉಸಿರಾಡಿಸಿ, ಮಿದುಳಿಗೆ ಹೋಗುವ ರಕ್ತ ಮತ್ತು ಅಲ್ಲಿಂದ ಹಿಂದಿರುಗುವ ರಕ್ತ ಎರಡನ್ನೂ ಪರೀಕ್ಷಿಸಿದರು. ಮಿದುಳಿನ ಪ್ರತಿ 100 ಗ್ರಾಂಗೆ ನಿಮಿಷಕ್ಕೆ ಸುಮಾರು 54 ಮಿಲಿಲೀಟರ್ ರಕ್ತ ಹರಿಯುತ್ತದೆ, ಸುಮಾರು 3.3 ಮಿಲಿಲೀಟರ್ ಆಮ್ಲಜನಕ ಖರ್ಚಾಗುತ್ತದೆ ಎಂದು ಗೊತ್ತಾಯಿತು. ಆದರೆ ಇದು ಇಡೀ ಮನೆಗೆ ಬರುವ ಒಂದೇ ಕರೆಂಟ್ ಬಿಲ್ಲಿನಂತೆ. ಯಾವ ಕೋಣೆಯಲ್ಲಿ ಎಷ್ಟು ಖರ್ಚು, ಅದರಿಂದ ಏನು ನಡೆಯುತ್ತಿದೆ ಎಂಬುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ. ಜಾಗಕ್ಕೆ ಜಾಗದ ಲೆಕ್ಕವನ್ನು 1970ರ ದಶಕದಲ್ಲಿ ಪೆಟ್ ಸ್ಕ್ಯಾನ್ ಕೊಟ್ಟಿತು. ಅದಕ್ಕೆ ವಿಕಿರಣಶೀಲ ವಸ್ತುವನ್ನು ರಕ್ತಕ್ಕೆ ಸೇರಿಸಬೇಕು. ಹಸುಗೂಸುಗಳ ಮೇಲೆ ಮತ್ತೆ ಮತ್ತೆ ಮಾಡುವ ಪರೀಕ್ಷೆ ಅದಲ್ಲ.

ಕಿರಿಕಿರಿಯಿಂದ ಹುಟ್ಟಿದ ವರ

ಕಾಂತೀಯ ಅನುರಣನೆಯ ಮೂಲ ತತ್ವ ಹೀಗಿದೆ. ಜಲಜನಕ, ರಂಜಕ ಮುಂತಾದ ಕೆಲವು ಪರಮಾಣುಗಳ ಬೀಜಗಳು ಪುಟ್ಟ ಅಯಸ್ಕಾಂತಗಳಂತೆ ವರ್ತಿಸುತ್ತವೆ. ಬಲವಾದ ಕಾಂತಕ್ಷೇತ್ರದಲ್ಲಿ ಇಟ್ಟಾಗ ಅವು, ವೇಗ ಕಳೆದುಕೊಳ್ಳುವ ಬುಗುರಿ ತಲೆ ತಿರುಗಿಸುವ ಹಾಗೆ, ಒಂದು ನಿಶ್ಚಿತ ಕಂಪನಾಂಕದಲ್ಲಿ ತೊನೆಯುತ್ತವೆ. ಅದೇ ಕಂಪನಾಂಕದ ರೇಡಿಯೋ ಅಲೆ ಹಾಯಿಸಿದರೆ ಅದನ್ನು ಹೀರಿಕೊಂಡು, ಅಲೆ ನಿಂತ ಮೇಲೆ ತಾವೇ ಕ್ಷೀಣವಾದ ರೇಡಿಯೋ ದನಿಯಲ್ಲಿ ಮರುನುಡಿಯುತ್ತವೆ. ಅಮೆರಿಕದಲ್ಲಿ ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ ಅವರ ತಂಡಗಳು ಬೇರೆ ಬೇರೆಯಾಗಿ ಇದನ್ನು ತೋರಿಸಿ, 1946ರಲ್ಲಿ ಪ್ರಕಟಿಸಿದವು. 1952ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಭೌತಶಾಸ್ತ್ರಜ್ಞರಿಗೆ ಬೇಕಾಗಿದ್ದದ್ದು ಒಂದೊಂದು ಬಗೆಯ ಬೀಜಕ್ಕೆ ಒಂದೊಂದು ಖಚಿತ ಸಂಖ್ಯೆ. ಆದರೆ 1950ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ವಾರೆನ್ ಪ್ರಾಕ್ಟರ್ ಮತ್ತು ಫು ಚುನ್ ಯು ಅಮೋನಿಯಂ ನೈಟ್ರೇಟ್ ದ್ರಾವಣದಲ್ಲಿ ಸಾರಜನಕವನ್ನು ಪರೀಕ್ಷಿಸಿದಾಗ ಒಂದರ ಬದಲು ಎರಡು ಸಂಕೇತಗಳು ಕಂಡವು. ಪರಮಾಣು ಒಂದೇ ಆದರೂ ಅಕ್ಕಪಕ್ಕದ ನೆರೆ ಬೇರೆಯಾದರೆ ಅದರ ಕಂಪನಾಂಕ ಅತ್ಯಲ್ಪವಾಗಿ ಸರಿಯುತ್ತದೆ. ಸುತ್ತಲಿನ ಎಲೆಕ್ಟ್ರಾನುಗಳು ಕಾಂತಕ್ಷೇತ್ರಕ್ಕೆ ತುಸು ಮರೆಯಾಗುವುದೇ ಕಾರಣ. ಖಚಿತ ಸಂಖ್ಯೆ ಹುಡುಕುತ್ತಿದ್ದವರಿಗೆ ಇದು ಕಿರಿಕಿರಿ. ರಸಾಯನಶಾಸ್ತ್ರಜ್ಞರಿಗೆ ಇದೇ ವರವಾಯಿತು. ಕಂಪನಾಂಕ ಎಷ್ಟು ಸರಿದಿದೆ ಎಂದು ನೋಡಿ, ಆ ಪರಮಾಣು ಯಾವ ಅಣುವಿನ ಯಾವ ಜಾಗದಲ್ಲಿ ಕೂತಿದೆ ಎಂದು ಹೇಳಬಹುದು!

ಮರುವರ್ಷ, 1951ರಲ್ಲಿ, ಅದೇ ಸ್ಟ್ಯಾನ್‌ಫರ್ಡ್‌ನಿಂದ ಒಂದು ಪುಟ್ಟ ಪ್ರಬಂಧ ಹೊರಬಂತು. ಮದ್ಯಸಾರದ ಜಲಜನಕ ಒಂದಲ್ಲ, ಮೂರು ಶಿಖರಗಳಾಗಿ ಕಾಣುತ್ತದೆ, ಆ ಮೂರರ ಗಾತ್ರ ಅಣುವಿನಲ್ಲಿರುವ ಜಲಜನಕಗಳ ಎಣಿಕೆಗೆ ಸರಿಯಾಗಿ ಒಂದು, ಎರಡು, ಮೂರರ ಅನುಪಾತದಲ್ಲಿದೆ ಎಂದು ಅದು ತೋರಿಸಿತು. ಬರೆದ ಮೂವರಲ್ಲಿ ಒಬ್ಬರು ಎಸ್. ಎಸ್. ಧರ್ಮಟ್ಟಿ, ಹೆಸರು ಕನ್ನಡದ ಕಿವಿಗೆ ಹೊಸದಲ್ಲ. ಮುಂದೆ ಅವರು ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಈ ವಿದ್ಯೆಯ ತಂಡ ಕಟ್ಟಿದರು. ಅದೇ 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್, ಕೊಳವೆಯಲ್ಲಿ ಹರಿಯುವ ದ್ರವ ನಿಂತ ದ್ರವಕ್ಕಿಂತ ಬೇರೆ ರೀತಿಯ ಸಂಕೇತ ಕೊಡುತ್ತದೆಂದು ತೋರಿಸಿದರು. ಹೊಸ ಹೊಸ ಪರಮಾಣುಗಳು ಒಳಗೆ ಬರುತ್ತಲೇ ಇರುವುದರಿಂದ ದನಿ ದಣಿಯುವುದಿಲ್ಲ ಎಂಬುದು ಅದರ ತಿರುಳು. ಹರಿವನ್ನು ಅಯಸ್ಕಾಂತದಿಂದ ಅಳೆಯುವ ದಾರಿಯಲ್ಲಿ ಇದು ಮೊದಮೊದಲ ಹೆಜ್ಜೆ. 1992ರಲ್ಲಿ ಅಮೆರಿಕದ ವಿಜ್ಞಾನಿಗಳು, ಕತ್ತಿನ ಬಳಿ ರಕ್ತದ ನೀರಿಗೆ ಕಾಂತೀಯ ಗುರುತು ಹಾಕಿ ಅದು ಮಿದುಳಿಗೆ ತಲುಪುವುದನ್ನು ಅಳೆಯುವ ವಿಧಾನ ರೂಪಿಸಿದರು. ಸೂಜಿ ಚುಚ್ಚದೆ ಮಿದುಳಿನ ರಕ್ತದ ಓಟವನ್ನು ಇಂದು ಹೀಗೂ ಅಳೆಯುತ್ತಾರೆ.

ಪ್ರನಾಳದಿಂದ ಜೀವಂತ ಅಂಗಕ್ಕೆ

ಎರಡು ದಶಕ ಕಾಲ ಈ ವಿದ್ಯೆ ಪ್ರಯೋಗಶಾಲೆಯ ಗಾಜಿನ ಪ್ರನಾಳಗಳಲ್ಲೇ ಉಳಿದಿತ್ತು. 1974ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಜಾರ್ಜ್ ರಾಡಾ, ರೆಕ್ಸ್ ರಿಚರ್ಡ್ಸ್ ಮತ್ತು ಸಂಗಡಿಗರು ಇಲಿಯ ಕಾಲಿನ ಸ್ನಾಯುವನ್ನು ಅರೆಯದೆ, ಕರಗಿಸದೆ, ಇದ್ದ ಹಾಗೆಯೇ ಅಯಸ್ಕಾಂತದೊಳಗಿಟ್ಟರು. ರಂಜಕದ ದನಿಯನ್ನು ಆಲಿಸಿದಾಗ ರೋಹಿತದಲ್ಲಿ ಸಾಲು ಶಿಖರಗಳು ಕಂಡವು.

ರಂಜಕವೇ ಏಕೆ? ಜೀವಕೋಶದ ಚಲಾವಣೆಯ ನಾಣ್ಯವಾದ ಎ.ಟಿ.ಪಿ. ಎಂಬ ಅಣುವಿನಲ್ಲಿ ಮೂರು ರಂಜಕಗಳಿವೆ. ಗ್ಲೂಕೋಸನ್ನು ಸುಟ್ಟು ಬಂದ ಶಕ್ತಿಯನ್ನು ಕೋಶ ಎ.ಟಿ.ಪಿ.ಯಾಗಿ ಮಾಡಿಕೊಂಡು ಖರ್ಚು ಮಾಡುತ್ತದೆ. ಫಾಸ್ಫೋಕ್ರಿಯಾಟಿನ್ ಎಂಬ ಇನ್ನೊಂದು ಅಣು ತುರ್ತಿಗೆಂದು ಸೆರಗಿನ ತುದಿಯಲ್ಲಿ ಕಟ್ಟಿಟ್ಟ ಚಿಲ್ಲರೆ ಇದ್ದಂತೆ, ಎ.ಟಿ.ಪಿ. ಕಡಿಮೆಯಾಗುವ ಮುನ್ನ ಇದು ಕರಗುತ್ತದೆ. ಖರ್ಚಾದ ಮೇಲೆ ಉಳಿಯುವುದು ಬಿಡಿ ಫಾಸ್ಫೇಟು. ಹಾಗಾಗಿ ಫಾಸ್ಫೋಕ್ರಿಯಾಟಿನ್ ಶಿಖರ ಎತ್ತರವಾಗಿದ್ದು ಬಿಡಿ ಫಾಸ್ಫೇಟಿನದು ತಗ್ಗಾಗಿದ್ದರೆ ಒಲೆ ಚೆನ್ನಾಗಿ ಉರಿಯುತ್ತಿದೆ ಎಂದರ್ಥ. ಅದು ತಿರುಗುಮುರುಗಾದರೆ ಅಪಾಯ. ಇಷ್ಟೇ ಅಲ್ಲ, ಬಿಡಿ ಫಾಸ್ಫೇಟಿನ ಶಿಖರ ನಿಂತ ಜಾಗವನ್ನು ನೋಡಿ ಕೋಶದೊಳಗೆ ಆಮ್ಲ ಹೆಚ್ಚಿದೆಯೇ ಎಂದೂ ಹೇಳಬಹುದು.

1980ರಲ್ಲಿ ಅದೇ ಆಕ್ಸ್‌ಫರ್ಡ್ ತಂಡ ಬಳೆಯಂಥ ಪುಟ್ಟ ಸುರುಳಿಯನ್ನು ಜೀವಂತ ಇಲಿಯ ತಲೆಯ ಮೇಲಿಟ್ಟು, ಕೆಳಗಿನ ಮಿದುಳಿನ ದನಿಯನ್ನಷ್ಟೇ ಆಲಿಸುವ ಉಪಾಯ ಕಂಡುಹಿಡಿಯಿತು. ಆದರೆ ಆ ಕಾಲದ ಬಲವಾದ ಅಯಸ್ಕಾಂತಗಳ ಕೊಳವೆ ಕಿರಿದು. ದೊಡ್ಡವರ ಕೈಯೋ ಕಾಲೋ ಅದರಲ್ಲಿ ಹಿಡಿಸುತ್ತಿತ್ತು, ತಲೆ ಹಿಡಿಸುತ್ತಿರಲಿಲ್ಲ. ಅದರಲ್ಲಿ ಹಿಡಿಸುವ ಮನುಷ್ಯರು ಒಂದೇ ಬಗೆಯವರು: ಆಗ ತಾನೇ ಹುಟ್ಟಿದವರು.

ಎರಡು ಕಂತಿನ ಪೆಟ್ಟು

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ನವಜಾತ ಶಿಶುಗಳ ವೈದ್ಯ ಆಸ್ಮಂಡ್ ರೆನಾಲ್ಡ್ಸ್ ಅವರ ತಂಡ, ಭೌತವಿಜ್ಞಾನಿಗಳ ಜತೆಗೂಡಿ, ಶಿಶುಗಳ ಮಿದುಳಿನ ರಂಜಕ ರೋಹಿತವನ್ನು ದಾಖಲಿಸಿ 1983ರಲ್ಲಿ ಪ್ರಕಟಿಸಿತು. 1984ರಲ್ಲಿ ಬಂದ ಎರಡನೆಯ ವರದಿ ವೈದ್ಯರನ್ನು ಬೆರಗಾಗಿಸಿತು.

ಹುಟ್ಟುವಾಗ ಹೊಕ್ಕುಳಬಳ್ಳಿ ಒತ್ತಿಹೋಗಿ, ಇಲ್ಲವೆ ಕಸ ಮೊದಲೇ ಬೇರ್ಪಟ್ಟು, ಮಗುವಿಗೆ ಆಮ್ಲಜನಕ ಸಿಗದೆ ಹೋಗುವುದುಂಟು. ಮಗು ಅಳುವುದಿಲ್ಲ, ಮೈ ನೀಲಿಗಟ್ಟುತ್ತದೆ. ವೈದ್ಯರು ಉಸಿರು ಕೊಟ್ಟು ಎಬ್ಬಿಸುತ್ತಾರೆ. ಬದುಕಿದ ಕೆಲವು ಮಕ್ಕಳು ಮುಂದೆ ನಡೆಯಲಾರದೆ, ಮಾತನಾಡಲಾರದೆ ಉಳಿಯುತ್ತವೆ. ಆಗಬೇಕಾದ ಹಾನಿಯೆಲ್ಲ ಉಸಿರು ನಿಂತ ಆ ನಿಮಿಷಗಳಲ್ಲೇ ಆಗಿಹೋಗಿರುತ್ತದೆ, ಅನಂತರ ಮಾಡಲು ಏನೂ ಇಲ್ಲ ಎಂದೇ ಬಹುಕಾಲ ನಂಬಲಾಗಿತ್ತು.

ಅಯಸ್ಕಾಂತ ಬೇರೆಯೇ ಕಥೆ ಹೇಳಿತು. ಉಸಿರು ಮರಳಿದ ಮೊದಲ ದಿನ ಇಂಥ ಶಿಶುಗಳ ರೋಹಿತ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ಫಾಸ್ಫೋಕ್ರಿಯಾಟಿನ್ ಮತ್ತೆ ತುಂಬಿಕೊಂಡಿತ್ತು, ಒಲೆ ಮತ್ತೆ ಹೊತ್ತಿಕೊಂಡಿತ್ತು. ಆದರೆ ಎರಡನೆಯ, ಮೂರನೆಯ ದಿನಕ್ಕೆ ಆ ಶಿಖರ ಇಳಿಯತೊಡಗಿತು, ಬಿಡಿ ಫಾಸ್ಫೇಟು ಏರಿತು. ಮಗುವಿಗೆ ಆಗ ರಕ್ತದ ಕೊರತೆ ಇರಲಿಲ್ಲ, ಆಮ್ಲಜನಕದ ಕೊರತೆಯೂ ಇರಲಿಲ್ಲ. ಸೌದೆ ಇದ್ದೂ ಒಲೆ ಆರುತ್ತಿತ್ತು. ಈ ಎರಡನೆಯ ಇಳಿತ ಎಷ್ಟು ಆಳವೋ ಮಗುವಿನ ಮುಂದಿನ ಸ್ಥಿತಿ ಅಷ್ಟು ಕೆಟ್ಟದಾಗಿತ್ತು. ಇಳಿತ ತೀರಾ ಆಳವಾದ ಮಕ್ಕಳು ಹೆಚ್ಚಾಗಿ ಬದುಕುಳಿಯಲಿಲ್ಲ.

ಮೊದಲ ಪೆಟ್ಟು ಕೋಶಗಳೊಳಗೆ ಒಂದು ಸರಣಿಯನ್ನು ಶುರು ಮಾಡಿರುತ್ತದೆ. ಗ್ಲುಟಮೇಟ್ ಎಂಬ ನರಸಂದೇಶವಾಹಕ ಮಿತಿಮೀರಿ ಹೊರಸೂಸುತ್ತದೆ, ಕ್ಯಾಲ್ಸಿಯಂ ಕೋಶದೊಳಗೆ ನುಗ್ಗುತ್ತದೆ, ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಗಳು ಒಂದೊಂದಾಗಿ ಕೆಡುತ್ತವೆ. ಇದಕ್ಕೆ ಹಲವು ಗಂಟೆಗಳು ಹಿಡಿಯುತ್ತವೆ. ಅಂದರೆ ಮೊದಲ ಪೆಟ್ಟಿಗೂ ಎರಡನೆಯದಕ್ಕೂ ನಡುವೆ ಸಮಯವಿದೆ. ಆ ಸಮಯದಲ್ಲಿ ಏನಾದರೂ ಮಾಡಿದರೆ?

ಉತ್ತರ ಸಿಕ್ಕಿದ್ದು ತಂಪಿನಲ್ಲಿ. ಹಂದಿಮರಿಗಳಿಗೆ ಇದೇ ಬಗೆಯ ಪೆಟ್ಟು ಕೊಟ್ಟು, ಆಮೇಲೆ ಮೈಯ ಉಷ್ಣತೆಯನ್ನು ಒಂದಷ್ಟು ಇಳಿಸಿದಾಗ ಎರಡನೆಯ ಇಳಿತ ಬಹಳ ಕಡಿಮೆಯಾಯಿತೆಂದು 1995ರಲ್ಲಿ ಪ್ರಕಟವಾಯಿತು. ಅದನ್ನು ತೋರಿಸಿಕೊಟ್ಟದ್ದೂ ರಂಜಕ ರೋಹಿತವೇ. ಅನಂತರ ಶಿಶುಗಳ ಮೇಲೆ ದೊಡ್ಡ ಪರೀಕ್ಷೆಗಳು ನಡೆದವು. ಹುಟ್ಟಿದ ಆರು ಗಂಟೆಯೊಳಗೆ ಮೈಯನ್ನು 33ರಿಂದ 34 ಡಿಗ್ರಿ ಸೆಲ್ಷಿಯಸ್‌ಗೆ ಇಳಿಸಿ 72 ಗಂಟೆ ಹಾಗೆಯೇ ಇಡುವುದು ಚಿಕಿತ್ಸೆ. 2009ರಲ್ಲಿ ವರದಿಯಾದ ಬ್ರಿಟನ್ನಿನ ಟೋಬಿ ಪರೀಕ್ಷೆಯಲ್ಲಿ 325 ಶಿಶುಗಳಿದ್ದವು. ಆ ಮಕ್ಕಳು ಆರೇಳು ವರ್ಷದವರಾದಾಗ ಮತ್ತೆ ನೋಡಿದರು. ತಂಪು ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 52 ಮಕ್ಕಳು ಬದುಕುಳಿದು, ಬುದ್ಧಿಮತ್ತೆಯ ಅಂಕ 85 ಅಥವಾ ಅದಕ್ಕಿಂತ ಮೇಲಿತ್ತು. ಪಡೆಯದವರಲ್ಲಿ ಅಂಥವರು 39. ಶ್ರೀಮಂತ ದೇಶಗಳ ಆಸ್ಪತ್ರೆಗಳಲ್ಲಿ ಈಗ ಇದು ರೂಢಿಯ ಚಿಕಿತ್ಸೆ.

ನೀರಿನ ಗದ್ದಲದಲ್ಲಿ ಪಿಸುಮಾತು

ರಂಜಕದ ದನಿ ಕ್ಷೀಣ. ಅದನ್ನು ಆಲಿಸಲು ಬೇರೆಯೇ ಸುರುಳಿ, ಬೇರೆಯೇ ರೇಡಿಯೋ ಉಪಕರಣ ಬೇಕು. ಆದ್ದರಿಂದ ಆಸ್ಪತ್ರೆಗಳಲ್ಲಿ ಇಂದು ಹೆಚ್ಚು ಬಳಕೆಯಲ್ಲಿರುವುದು ಜಲಜನಕದ ರೋಹಿತ. ಸಾಮಾನ್ಯ ಎಂ.ಆರ್.ಐ. ಯಂತ್ರ ಆಲಿಸುವುದೂ ಜಲಜನಕವನ್ನೇ. ತೊಂದರೆಯೆಂದರೆ ಮಿದುಳಿನ ಬಹುಭಾಗ ನೀರು. ನೀರಿನ ಜಲಜನಕದ ಸಂಕೇತ ಉಳಿದ ರಾಸಾಯನಿಕಗಳಿಗಿಂತ ಸಾವಿರಾರು ಪಟ್ಟು ದೊಡ್ಡದು. ಜಾತ್ರೆಯ ಗದ್ದಲದಲ್ಲಿ ಪಿಸುಮಾತು ಕೇಳಿಸಿಕೊಂಡಂತೆ. ಹಾಗಾಗಿ ಮೊದಲು ನೀರಿನ ಕಂಪನಾಂಕಕ್ಕೇ ಗುರಿಯಿಟ್ಟು ರೇಡಿಯೋ ಅಲೆ ಹೊಡೆದು ಅದರ ಬಾಯಿ ಮುಚ್ಚಿಸುತ್ತಾರೆ, ಆಮೇಲೆ ಉಳಿದವನ್ನು ಆಲಿಸುತ್ತಾರೆ.

ಆಗ ಎಲ್ಲಕ್ಕಿಂತ ಎತ್ತರವಾಗಿ ಕಾಣುವುದು ಎನ್-ಅಸಿಟೈಲ್ ಆಸ್ಪರ್ಟೇಟ್, ಚುಟುಕಾಗಿ ಎನ್.ಎ.ಎ. ಬೆಕ್ಕು ಮತ್ತು ಇಲಿಗಳ ಮಿದುಳಿನಲ್ಲಿ 1956ರಲ್ಲಿ ಪತ್ತೆಯಾದ ಈ ವಸ್ತು ವಯಸ್ಕರ ಮಿದುಳಿನಲ್ಲಿ ಬಹುಮಟ್ಟಿಗೆ ನರಕೋಶಗಳೊಳಗೇ ಇರುತ್ತದೆ. ನರಕೋಶ ಸತ್ತರೆ, ಕಾಯಿಲೆ ಬಿದ್ದರೆ ಇದು ಇಳಿಯುತ್ತದೆ. ಇಳಿದದ್ದೆಲ್ಲ ಸಾವೇ ಅಲ್ಲ; ಅಪಸ್ಮಾರಕ್ಕೆ ಶಸ್ತ್ರಚಿಕಿತ್ಸೆಯಾದ ಮೇಲೆ ಕೆಲವರಲ್ಲಿ ಎನ್.ಎ.ಎ. ಮತ್ತೆ ಏರಿದ್ದು ಕಂಡುಬಂದಿದೆ. ಕ್ಯಾನವಾನ್ ಎಂಬ ಅಪರೂಪದ ಆನುವಂಶಿಕ ರೋಗದಲ್ಲಿ ಮಾತ್ರ, ಅದನ್ನು ಒಡೆಯುವ ಕಿಣ್ವವಿಲ್ಲದ ಕಾರಣ, ಎನ್.ಎ.ಎ. ಮಿತಿಮೀರಿ ಏರುತ್ತದೆ.

ಉಸಿರುಕಟ್ಟಿದ ಶಿಶುಗಳ ವಿಷಯಕ್ಕೆ ಬಂದರೆ, ಮಿದುಳಿನ ನಡುವಣ ಥಲಾಮಸ್ ಭಾಗದಲ್ಲಿ ಹುಟ್ಟಿದ ಎರಡು ವಾರದೊಳಗೆ ಅಳೆದ ಎನ್.ಎ.ಎ. ಪ್ರಮಾಣ, ಮಗು ಎರಡು ವರ್ಷದಲ್ಲಿ ಹೇಗಿರುತ್ತದೆ ಎಂಬುದನ್ನು ಬಹಳ ಸರಿಯಾಗಿ ಮುನ್ನುಡಿಯುತ್ತದೆಂದು ಬ್ರಿಟನ್ ಮತ್ತು ಅಮೆರಿಕದ ಹಲವು ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನವೊಂದು 2019ರಲ್ಲಿ ಹೇಳಿತು. ‘ನಮ್ಮ ಮಗು ನಡೆದಾಡುತ್ತದೆಯೇ?’ ಎಂದು ಕೇಳುವ ತಂದೆತಾಯಿಗೆ ವೈದ್ಯರು ಎರಡು ವರ್ಷ ಕಾಯಿರಿ ಎನ್ನದೆ ಉತ್ತರಿಸಲು ಇದರಿಂದ ಒಂದು ಆಧಾರ ಸಿಕ್ಕಿದೆ.

ಪಟ್ಟಿಯಲ್ಲಿ ಇನ್ನೂ ಹಲವು ಹೆಸರುಗಳಿವೆ. ಕೋಶದ ಪೊರೆಗಳು ಬೇಗ ಬೇಗ ಬೆಳೆಯುವಲ್ಲಿ, ಎಂದರೆ ಕ್ಯಾನ್ಸರ್ ಗಡ್ಡೆಗಳಲ್ಲಿ, ಕೋಲೀನ್ ಶಿಖರ ಏರುತ್ತದೆ. ಆಮ್ಲಜನಕ ಸಾಲದೆ ಗ್ಲೂಕೋಸು ಅರೆಬೆಂದಲ್ಲಿ ಲ್ಯಾಕ್ಟೇಟ್ ಕಾಣುತ್ತದೆ. ಕೆಲವು ಬಗೆಯ ಮಿದುಳು ಗಡ್ಡೆಗಳಲ್ಲಿ ಐ.ಡಿ.ಎಚ್. ಎಂಬ ವಂಶವಾಹಿ ಮಾರ್ಪಟ್ಟಿರುತ್ತದೆ. ಅಂಥವು 2-ಹೈಡ್ರಾಕ್ಸಿಗ್ಲುಟರೇಟ್ ಎಂಬ ವಸ್ತುವನ್ನು ಕೂಡಿಹಾಕಿಕೊಳ್ಳುತ್ತವೆ. ಅದನ್ನು ತಲೆ ತೆರೆಯದೆ ಅಯಸ್ಕಾಂತದಿಂದಲೇ ಗುರುತಿಸಬಹುದೆಂದು 2012ರಲ್ಲಿ ತೋರಿಸಲಾಯಿತು.

ನಮ್ಮ ದೇಶಕ್ಕೆ ಇನ್ನೊಂದು ಉಪಯೋಗವಿದೆ. ಸ್ಕ್ಯಾನಿನಲ್ಲಿ ಉಂಗುರದಂತೆ ಕಾಣುವ ಗಂಟು ಕ್ಷಯದ್ದೋ, ಕೀವುಗಟ್ಟಿದ ಹುಣ್ಣೋ, ಕ್ಯಾನ್ಸರೋ ಎಂಬ ಗೊಂದಲ ಇಲ್ಲಿ ಸಾಮಾನ್ಯ. ಕ್ಷಯದ ರೋಗಾಣುವಿನ ಕವಚದಲ್ಲಿ ಕೊಬ್ಬಿನಂಶ ಹೆಚ್ಚು. ಆ ಗಂಟಿನ ರೋಹಿತದಲ್ಲಿ ಕೊಬ್ಬಿನ ಶಿಖರ ಎದ್ದು ಕಾಣುತ್ತದೆ. ಕೀವಿನ ಹುಣ್ಣಿನಲ್ಲಿ ಅಮೈನೋ ಆಮ್ಲಗಳು ಕಾಣುತ್ತವೆ. ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯವಿಜ್ಞಾನ ಸಂಸ್ಥೆಯ ವೈದ್ಯರು ಈ ವಿಷಯದಲ್ಲಿ ಬಹಳ ಕೆಲಸ ಮಾಡಿದ್ದಾರೆ. ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದ ಪ್ರವತ್ ಮಂಡಲ್ ಮತ್ತು ಸಂಗಡಿಗರು, ಮರೆಗುಳಿ ರೋಗವಾದ ಆಲ್‌ಜೈಮರ್‌ನಲ್ಲಿ ಗ್ಲುಟಥಯೋನ್ ಎಂಬ ರಕ್ಷಕ ರಾಸಾಯನಿಕ ಕಡಿಮೆಯಾಗುತ್ತದೆಂದು 2015ರಲ್ಲಿ ವರದಿ ಮಾಡಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ನರರೋಗ, ಮನೋರೋಗಗಳ ಅಧ್ಯಯನಕ್ಕೆ ಈ ವಿಧಾನ ಬಳಕೆಯಾಗಿದೆ.

ಯೋಚನೆಗೆ ಎಷ್ಟು ಸೌದೆ?

ಶಿಖರಗಳ ಎತ್ತರ ನೋಡಿದರೆ ಉಗ್ರಾಣದಲ್ಲಿ ಏನಿದೆ ಎಂದು ಗೊತ್ತಾಗುತ್ತದೆ, ಎಷ್ಟು ವೇಗವಾಗಿ ಖರ್ಚಾಗುತ್ತಿದೆ ಎಂದು ಗೊತ್ತಾಗುವುದಿಲ್ಲ. ಅದಕ್ಕೆ ಬೇರೆ ಉಪಾಯ ಬೇಕಾಯಿತು. ಪ್ರಕೃತಿಯಲ್ಲಿರುವ ಇಂಗಾಲದಲ್ಲಿ ನೂರಕ್ಕೆ ಒಂದರಷ್ಟು ಮಾತ್ರ ಇಂಗಾಲ-13. ವಿಕಿರಣವಿಲ್ಲದ, ಆದರೆ ಅಯಸ್ಕಾಂತಕ್ಕೆ ದನಿಗೂಡುವ ಈ ಬಗೆಯ ಇಂಗಾಲದಿಂದ ಗ್ಲೂಕೋಸು ತಯಾರಿಸಿ ರಕ್ತಕ್ಕೆ ಹರಿಸಿದರೆ, ಆ ಗುರುತಿನ ಇಂಗಾಲ ಯಾವ ಯಾವ ಅಣುವಿಗೆ ಎಷ್ಟು ಹೊತ್ತಿಗೆ ಸೇರಿತು ಎಂದು ಬೆನ್ನುಹತ್ತಬಹುದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಶುಲ್ಮನ್ ಮತ್ತು ಡಗ್ಲಸ್ ರಾತ್‌ಮನ್ ಅವರ ತಂಡ 1990ರ ದಶಕದಲ್ಲಿ ಇದನ್ನು ಮನುಷ್ಯರ ಮಿದುಳಿನಲ್ಲೇ ಮಾಡಿತೋರಿಸಿತು. ನರಕೋಶಗಳು ಗ್ಲುಟಮೇಟನ್ನು ಸೂಸಿ ಮತ್ತೆ ಹಿಂದೆ ಪಡೆಯುವ ವೇಗಕ್ಕೂ ಗ್ಲೂಕೋಸು ಉರಿಯುವ ವೇಗಕ್ಕೂ ನೇರ ಸಂಬಂಧವಿದೆಯೆಂದು ಈ ಅಧ್ಯಯನಗಳು ಸೂಚಿಸಿದವು. ಕಣ್ಣು ಮುಚ್ಚಿ ಸುಮ್ಮನೆ ಮಲಗಿದಾಗಲೂ ಮಿದುಳಿನ ಖರ್ಚಿನ ಬಹುಪಾಲು ಕೋಶಗಳ ನಡುವಣ ಮಾತುಕತೆಗೇ ಹೋಗುತ್ತದೆ.

ಹಾಗಾದರೆ ಕಷ್ಟದ ಲೆಕ್ಕ ಮಾಡುವಾಗ ಖರ್ಚು ದುಪ್ಪಟ್ಟಾಗುತ್ತದೆಯೇ? ಇಲ್ಲ. ಮನಸ್ಸಿನಲ್ಲಿ ಲೆಕ್ಕ ಮಾಡುವಾಗ ಇಡೀ ಮಿದುಳಿನ ಆಮ್ಲಜನಕದ ಖರ್ಚು ಬದಲಾಗುವುದಿಲ್ಲವೆಂದು ಕೆಟಿಯವರ ವಿಧಾನದಿಂದಲೇ 1955ರಲ್ಲಿ ಗೊತ್ತಾಗಿತ್ತು. ಆಯಾ ಕೆಲಸದ ಜಾಗದಲ್ಲಿ ಮಾತ್ರ ಏರಿಳಿತ ಉಂಟು. ಅಲ್ಲಿಯೂ ಒಂದು ಒಗಟು ಎದುರಾಯಿತು. ಕಣ್ಣಿಗೆ ಚಿತ್ರ ತೋರಿಸಿದಾಗ ಮಿದುಳಿನ ದೃಷ್ಟಿಭಾಗಕ್ಕೆ ಹರಿಯುವ ರಕ್ತ ಮತ್ತು ಅಲ್ಲಿ ಖರ್ಚಾಗುವ ಗ್ಲೂಕೋಸು ಸುಮಾರು ನೂರಕ್ಕೆ 50ರಷ್ಟು ಏರಿದರೆ, ಆಮ್ಲಜನಕದ ಬಳಕೆ ಏರಿದ್ದು ನೂರಕ್ಕೆ ಐದು ಮಾತ್ರ ಎಂದು ಪೀಟರ್ ಫಾಕ್ಸ್, ಮಾರ್ಕಸ್ ರೈಕ್ಲ್ ಮತ್ತಿತರರು 1988ರಲ್ಲಿ ಪೆಟ್ ಸ್ಕ್ಯಾನ್ ಮೂಲಕ ತೋರಿಸಿದರು. ಮೂರು ವರ್ಷದ ಮೇಲೆ ಯೇಲ್ ತಂಡ ಅದೇ ಭಾಗದಲ್ಲಿ ಲ್ಯಾಕ್ಟೇಟ್ ಏರುವುದನ್ನು ಅಯಸ್ಕಾಂತದ ಮೂಲಕ ಕಂಡಿತು. ಬಂದ ಗ್ಲೂಕೋಸೆಲ್ಲ ಅಲ್ಲೇ ಪೂರ್ತಿ ಉರಿಯುತ್ತಿಲ್ಲ ಎಂದಾಯಿತು. ಆ ಲ್ಯಾಕ್ಟೇಟನ್ನು ಯಾವ ಕೋಶ ತಯಾರಿಸುತ್ತದೆ, ಯಾವುದು ಉಣ್ಣುತ್ತದೆ ಎಂಬ ವಾದ ಇನ್ನೂ ಮುಗಿದಿಲ್ಲ.

ಖರ್ಚಾಗುವುದಕ್ಕಿಂತ ಹೆಚ್ಚು ಆಮ್ಲಜನಕ ಬಂದು ಉಳಿಯುವ ಈ ವಿಚಿತ್ರದ ಮೇಲೆಯೇ, ಪತ್ರಿಕೆಗಳಲ್ಲಿ ಬಣ್ಣಬಣ್ಣದ ಮಿದುಳಿನ ಚಿತ್ರಗಳಾಗಿ ಬರುವ ಎಫ್.ಎಂ.ಆರ್.ಐ. ನಿಂತಿದೆ. 1990ರಲ್ಲಿ ಸೇಜಿ ಒಗಾವ ಕಂಡುಕೊಂಡ ಈ ವಿಧಾನ ಅಳೆಯುವುದು ರಕ್ತದಲ್ಲಿನ ಆಮ್ಲಜನಕದ ಸ್ಥಿತಿಯನ್ನು. ಅದು ಯೋಚನೆಯ ಚಿತ್ರವಲ್ಲ, ಯೋಚನೆಯ ಹಿಂದೆ ಓಡಿಬರುವ ರಕ್ತದ ಚಿತ್ರ.

ತೀರಾ ಈಚಿನ ವಿಧಾನಕ್ಕೆ ಭಾರಜಲಜನಕ, ಅಂದರೆ ಡ್ಯೂಟೀರಿಯಂ, ಸಾಕು. ಡ್ಯೂಟೀರಿಯಂ ಸೇರಿಸಿದ ಗ್ಲೂಕೋಸನ್ನು ನೀರಿನಲ್ಲಿ ಕರಗಿಸಿ ಕುಡಿಸಿ, ಸ್ವಲ್ಪ ಹೊತ್ತಿನ ಮೇಲೆ ತಲೆಯ ಚಿತ್ರ ತೆಗೆಯುತ್ತಾರೆ. ಆರೋಗ್ಯವಂತ ಮಿದುಳಿನಲ್ಲಿ ಗುರುತು ಗ್ಲುಟಮೇಟಿನ ಕಡೆ ಹೋದರೆ, ಗಡ್ಡೆಯಲ್ಲಿ ಲ್ಯಾಕ್ಟೇಟಿನ ಕಡೆ ಹೋಗುತ್ತದೆ. ಕ್ಯಾನ್ಸರ್ ಕೋಶಗಳು ಆಮ್ಲಜನಕವಿದ್ದರೂ ಗ್ಲೂಕೋಸನ್ನು ಅರೆಬೇಯಿಸುತ್ತವೆಂದು ಜರ್ಮನಿಯ ಆಟೊ ವಾರ್ಬರ್ಗ್ 1920ರ ದಶಕದಲ್ಲೇ ಹೇಳಿದ್ದರು. ಅದನ್ನು ಜೀವಂತ ರೋಗಿಯ ಮಿದುಳಿನಲ್ಲಿ ನಕ್ಷೆಯಾಗಿ ಬಿಡಿಸಿದ ವರದಿ ಯೇಲ್‌ನಿಂದ 2018ರಲ್ಲಿ ಬ‌ಂತು.

ಯಂತ್ರದ ಮಿತಿ, ಮನುಷ್ಯನ ಹೊಣೆ

ಈ ಕಿಂಡಿ ಚಿಕ್ಕದು ಎಂಬುದನ್ನೂ ಹೇಳಬೇಕು. ಆಸ್ಪತ್ರೆಯ 3 ಟೆಸ್ಲಾ ಅಯಸ್ಕಾಂತ ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು 60 ಸಾವಿರ ಪಟ್ಟು ಬಲವಾದದ್ದು. ಅಷ್ಟಾದರೂ ಹತ್ತು ಲಕ್ಷ ಜಲಜನಕ ಬೀಜಗಳಲ್ಲಿ ಹತ್ತರ ಮಿಗಿತ ಮಾತ್ರ ಸಂಕೇತ ಕೊಡುತ್ತದೆ. ಹೀಗಾಗಿ ಒಂದು ರೋಹಿತಕ್ಕೆ ಅಡಿಕೆಯಷ್ಟು ಗಾತ್ರದ ಮಿದುಳಿನ ತುಣುಕು ಬೇಕು, ಹಲವು ನಿಮಿಷ ಅಲುಗಾಡದೆ ಮಲಗಬೇಕು. ಆ ತುಣುಕಿನಲ್ಲಿ ಕೋಟಿಗಟ್ಟಲೆ ಕೋಶಗಳಿರುತ್ತವೆ. ಸಿಗುವುದು ಎಲ್ಲದರ ಸರಾಸರಿ. ಒಬ್ಬರ ಆಲೋಚನೆ ಏನೆಂದು ಅದು ಹೇಳಲಾರದು. ಯಂತ್ರದ ಬೆಲೆಯೂ ಕೋಟಿಗಳಲ್ಲೇ.

ಇನ್ನೂ ದೊಡ್ಡ ಪಾಠವೊಂದು ಭಾರತ, ಶ್ರೀಲಂಕಾ ಮತ್ತು ಬಾಂಗ್ಲಾದೇಶದ ಏಳು ಆಸ್ಪತ್ರೆಗಳಿಂದ ಬಂತು. ಅಲ್ಲಿ 408 ಶಿಶುಗಳ ಮೇಲೆ ನಡೆದ ಹೆಲಿಕ್ಸ್ ಪರೀಕ್ಷೆಯ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಬ್ರಿಟನ್ನಿನಲ್ಲಿ ಮಕ್ಕಳನ್ನು ಉಳಿಸಿದ ತಂಪು ಚಿಕಿತ್ಸೆ ಇಲ್ಲಿ ಉಳಿಸಲಿಲ್ಲ. ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 42 ಶಿಶುಗಳು ತೀರಿಕೊಂಡರೆ, ಪಡೆಯದವರಲ್ಲಿ ತೀರಿಕೊಂಡದ್ದು 31. ಇಲ್ಲಿನ ಅನೇಕ ಶಿಶುಗಳಿಗೆ ಪೆಟ್ಟು ಹೆರಿಗೆಯ ಕೊನೆಯ ನಿಮಿಷಗಳಲ್ಲಿ ಬೀಳುವುದಲ್ಲ, ಅದಕ್ಕೂ ಮೊದಲೇ ನಿಧಾನವಾಗಿ ಬೀಳುತ್ತಿರುತ್ತದೆ ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ. ಅದು ನಿಜವಾದರೆ, ಮಗು ಹುಟ್ಟುವ ಹೊತ್ತಿಗೆ ಎರಡು ಪೆಟ್ಟುಗಳ ನಡುವಣ ಆ ಅಮೂಲ್ಯ ಗಂಟೆಗಳು ಆಗಲೇ ಕಳೆದುಹೋಗಿರುತ್ತವೆ.

ಲಂಡನ್ನಿನ ಶಿಶುಗಳ ರೋಹಿತ ಓದಿ ಕಂಡುಕೊಂಡ ಸಮಯದ ಲೆಕ್ಕವನ್ನು ಇಲ್ಲಿನ ಶಿಶುಗಳಿಗೆ ಹಾಗೆಯೇ ಅನ್ವಯಿಸುವಂತಿಲ್ಲ ಎಂದಾಯಿತು. ಇಲ್ಲಿನ ಮಕ್ಕಳ ಮಿದುಳಿನ ಲೆಕ್ಕವನ್ನು ಇಲ್ಲಿಯೇ ಓದಬೇಕು. ಅದಕ್ಕೆ ಯಂತ್ರ ಬೇಕು, ಓದಬಲ್ಲ ವೈದ್ಯರು ಮತ್ತು ಭೌತವಿಜ್ಞಾನಿಗಳೂ ಬೇಕು. ಆದರೆ ತಾಲ್ಲೂಕು ಆಸ್ಪತ್ರೆಯ ಹೆರಿಗೆ ಕೋಣೆಗೆ ಕೋಟಿ ರೂಪಾಯಿಯ ಅಯಸ್ಕಾಂತ ಬರುವವರೆಗೆ ಕಾಯಬೇಕಾಗಿಲ್ಲದ ಕೆಲಸಗಳಿವೆ. ಬಸುರಿಯ ರಕ್ತದೊತ್ತಡ ನೋಡುವುದು, ಹೆರಿಗೆ ನೋವಿನ ಹೊತ್ತಿನಲ್ಲಿ ಮಗುವಿನ ಎದೆಬಡಿತವನ್ನು ಬಿಡದೆ ಆಲಿಸುವುದು, ಕಷ್ಟದ ಹೆರಿಗೆಯನ್ನು ಹೊತ್ತಿಗೆ ಮುಂಚೆ ದೊಡ್ಡಾಸ್ಪತ್ರೆಗೆ ಕಳಿಸುವುದು, ಅಳದ ಮಗುವಿಗೆ ಮೊದಲ ನಿಮಿಷದಲ್ಲೇ ಉಸಿರು ಕೊಡಬಲ್ಲ ಕೈ ಅಲ್ಲಿರುವುದು. ಆರಿದ ಒಲೆಯ ಲೆಕ್ಕವನ್ನು ಅಯಸ್ಕಾಂತ ಹೇಳಬಲ್ಲದು. ಒಲೆ ಆರದಂತೆ ನೋಡಿಕೊಳ್ಳುವ ಕೆಲಸ ಹೆರಿಗೆ ಕೋಣೆಯಲ್ಲಿರುವವರದು.